ನಿಲ್ಲು ಎನ್ನುವ ಬಗೆ

ಓಡುತ್ತಿರುವ ಪ್ರೋಗ್ರಾಮಿಗೆ ಸನ್ನೆ ಮಾಡಬಹುದು ಎಂದರೆ ನಮ್ಮತ್ತೆ ನಗುತ್ತಾರೆ. "ಅದೇನು ಬಸ್ಸೇನೇ, ಕೈ ತೋರ್ಸಿ ನಿಲ್ಲಿಸಕ್ಕೆ?" ಹೆಚ್ಚುಕಡಿಮೆ ಹಾಗೇ. ಸಿಗ್ನಲ್ ಎಂದು ಅದರ ಹೆಸರು. ನಿಲ್ಲು, ಕಾಯು, ಮುಂದುವರಿ ಎಂದರೆ ಪ್ರೋಗ್ರಾಮು ಸಾಮಾನ್ಯವಾಗಿ ಕೇಳುತ್ತದೆ. ಮನೆಯಲ್ಲಿ ನನ್ನ ಮಾತಿಗೆ ಅಷ್ಟು ಬೆಲೆಯಿಲ್ಲ.

ವಿನೋಬನಗರದ ನಮ್ಮ ಮನೆಯ ಮುಂಕೋಣೆಯಲ್ಲಿ ನಾನು ಹಳೆಯ ಕ್ಯಾಸೆಟ್ಟುಗಳ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ. ಅದಕ್ಕೆ ಬೇಕಾದ ಶೆಲ್ ಸ್ಕ್ರಿಪ್ಟನ್ನು, ಅಂದರೆ ಕಂಪ್ಯೂಟರಿಗೆ ಸಾಲುಸಾಲಾಗಿ ಕೊಡುವ ಅಪ್ಪಣೆಗಳನ್ನು, ಬರೆದುಕೊಟ್ಟವಳು ಭದ್ರಾವತಿಯ ಗೆಳತಿ ಸೆಲ್ವಿ. ಕಳೆದ ತಿಂಗಳು ಅಲ್ಲಿನ ಓಲ್ಡ್ ಟೌನಿನಿಂದ ಕಮಲಮ್ಮ ಬಂದರು. ತೀರಿಹೋದ ಯಜಮಾನರ ಧ್ವನಿ ಉಳಿದಿದ್ದುದು ಅವರು ತಂದ ಆ ಒಂದೇ ಕ್ಯಾಸೆಟ್ಟಿನಲ್ಲಿ.

ಸ್ಕ್ರಿಪ್ಟು ಆ ವಾರ ಯಾಕೋ ಹಟ ಮಾಡುತ್ತಿತ್ತು. ಎಲ್ಲಿ ಎಡವುತ್ತದೆಂದು ನೋಡಲು ಅದನ್ನು ಡಿಬಗ್ಗರ್ ಎಂಬ ತಪ್ಪು ಹುಡುಕುವ ಪ್ರೋಗ್ರಾಮಿನೊಳಗೆ ಓಡಿಸಿದೆ. ಧ್ವನಿಯೆಲ್ಲ ಇಳಿಯಿತು. ಅಷ್ಟರಲ್ಲಿ ಟೇಪು ಸಿಕ್ಕಿಹಾಕಿಕೊಂಡು ಚಿಂದಿಯಾಯಿತು. ರೆಕಾರ್ಡಿಂಗ್ ಮಾತ್ರ ನಿಲ್ಲಲೊಲ್ಲದು. ಇಳಿದದ್ದೆಲ್ಲ ಇನ್ನೂ ಪ್ರೋಗ್ರಾಮಿನ ನೆನಪಿನಲ್ಲಷ್ಟೇ ಇತ್ತು, ಎಲ್ಲೂ ಸೇವ್ ಆಗಿರಲಿಲ್ಲ. ಗಾಬರಿಯಲ್ಲಿ ಡಿಬಗ್ಗರಿಗೆ 'ಕಿಲ್' ಎಂದು ಬರೆದೆ. ಖಂಡಿತವೇ ಎಂದು ಅದು ಕೇಳಿತು. ಆ ಪ್ರಶ್ನೆ ಇಟ್ಟ ಪುಣ್ಯಾತ್ಮರು ಎಲ್ಲಿದ್ದರೂ ಚೆನ್ನಾಗಿರಲಿ! ಸೆಲ್ವಿಗೆ ಫೋನ್ ಮಾಡಿದೆ.

"ಬೇಡ ಮಾರಾಯ್ತಿ! ಅದು ಕತ್ತು ಹಿಸುಕಿದ ಹಾಗೆ, ಏನೂ ಉಳಿಸ್ಕೊಳ್ಳಕ್ಕೆ ಬಿಡಲ್ಲ," ಎಂದು ಕೂಗಿದಳು. "ಇಲ್ಲ ಅನ್ನು. ಆಮೇಲೆ ಕಿಲ್ ಪಕ್ಕ ಟರ್ಮ್ ಅಂತ ಸೇರ್ಸಿ ಕಳ್ಸು. ಆ ಸಿಗ್ನಲ್ ಬಂದ್ರೆ ಎಲ್ಲಾ ಉಳಿಸಿ ಹೊರಡು ಅಂತ ಸ್ಕ್ರಿಪ್ಟಲ್ಲಿ ಬರ್ದಿದೀನಿ."

"ಏನಾಯ್ತಮ್ಮ?" ಎಂದರು ಪಕ್ಕದಲ್ಲಿದ್ದ ಕಮಲಮ್ಮ.

"ಒಂದ್ನಿಮಿಷ ಇರಿ," ಎಂದೆ.

ಸೆಲ್ವಿ ಹೇಳಿದಂತೆ ಸಿಗ್ನಲ್ ಕಳಿಸಿದೆ. ಪ್ರೋಗ್ರಾಮು, ಬಾಗಿಲಿಗೆ ಬಂದವರು ಚೀಲ ತೆಗೆದುಕೊಂಡು ಬರುತ್ತೇನೆ ಎಂದು ಒಳಗೆ ಹೋದಂತೆ, ಸ್ವಲ್ಪ ಹೊತ್ತು ಸುಮ್ಮನಿತ್ತು. ನಂತರ ಎಲ್ಲವನ್ನೂ ಸೇವ್ ಮಾಡಿಟ್ಟು ನಿಂತಿತು. "ಉಳೀತು ಕಣೆ," ಎಂದು ಸೆಲ್ವಿಗೆ ಫೋನಿನಲ್ಲಿ ಹೇಳಿದೆ. ಥ್ಯಾಂಕ್ಸ್ ಎಂಬ ಪದ ಅಷ್ಟು ಪುಟ್ಟದೆಂದು ಅಂದೇ ಅನ್ನಿಸಿದ್ದು.

ಸೇವ್ ಆದದ್ದನ್ನು ಹಾಕಿದೆ. ಸ್ಪೀಕರಿನಿಂದ ಎಳೆಯ ಗಂಡುದನಿಯೊಂದು ಕೇಳಿಸಿತು. "ಕಮಲಾ, ಹೊಸ ಟೇಪ್ ರೆಕಾರ್ಡರ್ ಕಣೆ. ಏನಾದ್ರೂ ಮಾತಾಡೆ." ಬಳೆಯ ಸದ್ದು, ಓಡುವ ಹೆಜ್ಜೆ, ಯಜಮಾನರ ಜೋರು ನಗು.

"ನಾಚಿಕೆ ಆಗಿ ಅಡುಗೆಮನೆಗೆ ಓಡ್ಹೋಗಿದ್ದೆ," ಎಂದು ಕಮಲಮ್ಮ ಕಣ್ಣೊರೆಸಿಕೊಂಡರು. ಆಮೇಲೆ ಸ್ಪೀಕರಿನತ್ತ ಬಾಗಿ, "ಏನ್ ಮಾತಾಡ್ಲಿ, ಹೇಳ್ರೀ," ಎಂದರು.

ನಾನು ಮೆಲ್ಲನೆ ಎದ್ದು ಕಾಫಿ ಮಾಡಲು ಒಳಗೆ ಹೋದೆ. ಗಂಡ ಹೆಂಡತಿ ಮಾತಾಡುವಲ್ಲಿ ನನಗೇನು ಕೆಲಸ?