ನಾನೇ ಬರೆದ ಆ ಸಾಲು

ಹೋದ ಸೋಮವಾರ ದೇವನಹಳ್ಳಿ ಕೋರ್ಟಿನಲ್ಲಿ ನಾನು ಬರೆದ ಸಾಲೊಂದನ್ನು ಗಟ್ಟಿಯಾಗಿ ಓದಿದರು. ಖುಷಿ ಪಡಬೇಕಿತ್ತು, ಅಲ್ವೇ? ಬರೆಯೋನಿಗೆ ಇನ್ನೇನು ಬೇಕು! ನಾನು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ.

ಓದಿದವರು ಎದುರು ಪಾರ್ಟಿಯ ಲಾಯರು. ಎದುರು ಪಾರ್ಟಿ ಅಂದರೆ ನನ್ನ ತಂಗಿ ಸುಜಾತಳ ಮಾಜಿ ಗಂಡ. ಸಾಲು ಇದು: "ಮಗುವು ದೇವನಹಳ್ಳಿ ತಾಲ್ಲೂಕಿನಲ್ಲಿಯೇ ವಾಸವಿರತಕ್ಕದ್ದು. ತಂದೆಯ ಲಿಖಿತ ಒಪ್ಪಿಗೆ ಇಲ್ಲದೆ ತಾಲ್ಲೂಕು ಬಿಟ್ಟು ಕರೆದೊಯ್ಯತಕ್ಕದ್ದಲ್ಲ."

ಹಿಂದಿನ ಕಥೆ ಹೇಳಿಬಿಡ್ತೀನಿ. ನಾಲ್ಕು ವರ್ಷದ ಹಿಂದೆ ಇಬ್ಬರೂ ಒಪ್ಪಿ ಡೈವೋರ್ಸ್ ತಗೊಳ್ಳೋದು ಅಂತಾದಾಗ ಬೂದಿಗೆರೆಯ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಪಂಚಾಯ್ತಿ ನಡೀತು. ಎರಡೂ ಕಡೆಯ ಹಿರಿಯರು, ಎರಡು ರೌಂಡು ಕಾಫಿ. (ಹೆಂಗಸರು ಒಳಗೆ. ಯಾರ ಬದುಕಿನ ಮಾತೋ ಅವಳೂ ಒಳಗೆ, ಕಾಫಿ ಸೋಸ್ತಾ ಇದ್ದಳು.) "ಮಗು ನಮ್ಮ ಕಣ್ಣೆದುರಿಗೇ ಇರಬೇಕು," ಅಂದರು ಅವರ ಕಡೆಯವರು. "ಇಲ್ಲೇ ಇರ್ತಾಳೆ ಬಿಡಿ, ಎಲ್ಲೋಗ್ತಾಳೆ?" ಅಂದರು ನಮ್ಮ ಚಿಕ್ಕಪ್ಪ. ಆಮೇಲೆ ನನ್ನ ಕಡೆ ತಿರುಗಿ, "ನೀನು ಪೇಪರಿಗೆ ಬರೆಯೋನಲ್ವೇನಪ್ಪಾ, ಅದೊಂದು ಚೆನ್ನಾಗಿ ಹಾಕ್ಬಿಡು," ಅಂದರು.

ಹಾಕ್ಬಿಟ್ಟೆ. ಒಳಗೆ ಹೋಗಿ ಅವಳನ್ನ ಒಂದು ಮಾತು ಕೇಳಲಿಲ್ಲ. ಕೇಳಬೇಕು ಅಂತಲೇ ಹೊಳೆಯಲಿಲ್ಲ! "ತಕ್ಕದ್ದು", "ತಕ್ಕದ್ದಲ್ಲ" ಅಂತ ಗತ್ತಾಗಿ ಬರೆದೆ. ನಮ್ಮ ಲಾಯರು ಓದಿ, "ಸಾರ್, ಒಂದಕ್ಷರ ಬದಲಾಯಿಸೋ ಹಾಗಿಲ್ಲ," ಅಂದರು. ನಾನು ಉಬ್ಬಿಹೋದೆ. ಸುಜಾತ ಹೊರಗೆ ಬಂದು ನಾನು ತೋರಿಸಿದ ಕಡೆಯಲ್ಲೆಲ್ಲ ಸೈನ್ ಹಾಕಿದಳು. ಅಣ್ಣ ಬರೆದಿದ್ದು ತಾನೇ, ಓದೋದೇನು? ಡೈವೋರ್ಸ್ ಕೊಡುವಾಗ ಕೋರ್ಟು ಆ ಕಾಗದವನ್ನೇ ತನ್ನ ಆದೇಶಕ್ಕೂ ಸೇರಿಸಿತು.

ಆ ಪುಣ್ಯಾತ್ಮ ಆರೇ ತಿಂಗಳಿಗೆ ಇನ್ನೊಂದು ಮದುವೆಯಾಗಿ ಹೈದರಾಬಾದಿಗೆ ಹೋದ. ಯಾರ ಲಿಖಿತ ಒಪ್ಪಿಗೆ ಕೇಳಿದ? ತಿಂಗಳಿಗೆರಡು ಭಾನುವಾರ ಮಗಳನ್ನು ನೋಡಬಹುದು ಅಂತಲೂ ನಾನೇ ಬರೆದಿದ್ದೆ. ಬಂದಿದ್ದು ವರ್ಷಕ್ಕೊಂದು ಸಲ, ಗೊಂಬೆ ಹಿಡ್ಕೊಂಡು. ಮಗಳು ಗೊಂಬೆ ಆಡೋ ವಯಸ್ಸು ದಾಟಿದಾಳೆ ಅನ್ನೋದೂ ಅವನಿಗೆ ಗೊತ್ತಿಲ್ಲ.

ಸುಜಾತ ನರ್ಸು. ಡ್ಯೂಟಿ ಮುಗಿಸಿ ಬಂದು ಓದಿ, ಪರೀಕ್ಷೆ ಬರೆದು, ಈಗ ಸರ್ಕಾರಿ ಕೆಲಸ ಸಿಕ್ಕಿದೆ. ಪೋಸ್ಟಿಂಗ್ ಚಾಮರಾಜನಗರದಲ್ಲಿ. ಕ್ವಾರ್ಟರ್ಸ್ ಇದೆ, ಪಕ್ಕದಲ್ಲೇ ಸ್ಕೂಲು. ಒಂಬತ್ತು ವರ್ಷದ ಮಗಳು ಧನ್ಯ ಆಗಲೇ ತನ್ನ ಪುಸ್ತಕ ಎಲ್ಲ ರಟ್ಟಿನ ಡಬ್ಬಕ್ಕೆ ತುಂಬಿ ಹಗ್ಗ ಕಟ್ಟಿದ್ದಳು. ಸುಜಾತ ಅವನಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದಳು. "ಅಗ್ರಿಮೆಂಟ್ ಅಂದ್ರೆ ಅಗ್ರಿಮೆಂಟ್ ಕಣಮ್ಮಾ," ಅಂದ. ಸ್ಪೀಕರ್ ಆನ್ ಇತ್ತು. ಕೇಳಿ ಮೈಯೆಲ್ಲ ಉರಿದುಹೋಯ್ತು.

ಗಂಡಸು ಊರು ಬಿಟ್ಟರೆ ಮುಂದೆ ಬಂದ ಅಂತೀವಿ. ಹೆಂಗಸು ಮಗು ಕರ್ಕೊಂಡು ಹೊರಟರೆ "ಎತ್ಕೊಂಡೋದ್ಲು" ಅಂತೀವಿ. ಹೌದೋ ಇಲ್ಲವೋ?

ಕೋರ್ಟಿಗೆ ಅರ್ಜಿ ಹಾಕಿದೆವು. ಮಗುವಿನ ಹಿತವೇ ಮುಖ್ಯ, ಷರತ್ತು ಬದಲಾಯಿಸಬಹುದು, ಆದರೆ ತಂದೆಯ ಮಾತೂ ಕೇಳಬೇಕು ಅಂದರು ಜಡ್ಜ್ ಮೇಡಂ. ಅದರಲ್ಲಿ ತಪ್ಪೇನಿಲ್ಲ. ಅವನ ಲಾಯರು ಆ ಸಾಲು ಓದಿ, ತಕರಾರು ಸಲ್ಲಿಸೋಕೆ ಟೈಮ್ ಕೇಳಿದರು. ವಾಯ್ದೆ ಮುಂದಿನ ತಿಂಗಳಿಗೆ ಹೋಯ್ತು. ಅವಳು ಕೆಲಸಕ್ಕೆ ಸೇರೋಕೆ ಕಡೇ ದಿನ ಈ ವಾರದ ಶುಕ್ರವಾರವೇ. "ಆದೇಶ ಮೀರಿ ಕರ್ಕೊಂಡೋದ್ರೆ ಮಗೂನೇ ಕೈತಪ್ಪಬಹುದು, ಹುಷಾರು," ಅಂದರು ನಮ್ಮ ಲಾಯರು. ಒಂದಕ್ಷರ ಬದಲಾಯಿಸೋ ಹಾಗಿಲ್ಲ ಅಂದಿದ್ದರಲ್ಲ, ಅವರೇ.

"ಅಣ್ಣ, ಅವತ್ತು ನನ್ನ ಒಂದ್ಮಾತು ಕೇಳಬಹುದಿತ್ತು," ಅಂದಳು ಸುಜಾತ, ಕೋರ್ಟಿನ ಮೆಟ್ಟಿಲಲ್ಲಿ. ಬೈದಿದ್ದರೆ ತಡ್ಕೋತಿದ್ದೆ.

ಶುಕ್ರವಾರ ಬೆಳಿಗ್ಗೆ ಅವಳನ್ನ ಬಸ್ಸು ಹತ್ತಿಸಿ ಬಂದೆ. ಒಬ್ಬಳನ್ನೇ. ಈಗ ಅಪ್ಪ ಹೈದರಾಬಾದಿನಲ್ಲಿ, ಅಮ್ಮ ಚಾಮರಾಜನಗರದಲ್ಲಿ, ಮಗು ತಾಲ್ಲೂಕಿನಲ್ಲಿ. ನನ್ನ ಸಾಲು ಚಾಚೂ ತಪ್ಪದೆ ಪಾಲನೆಯಾಗ್ತಿದೆ. ಸಮಾಧಾನ ಆಯ್ತಾ ಹಿರಿಯರೇ?

ಧನ್ಯ ನಮ್ಮ ಮನೆಯಲ್ಲಿದ್ದಾಳೆ. ಡಬ್ಬದ ಹಗ್ಗ ಬಿಚ್ಚೋಕೆ ಬಿಡ್ತಿಲ್ಲ. ಬೇಕಾದ ಪುಸ್ತಕ ಸಂದಿಯಿಂದ ಕೈಹಾಕಿ ಎಳ್ಕೋತಾಳೆ. ನಿನ್ನೆ ತಿಂಡಿ ತಿನ್ನುವಾಗ ಕೇಳಿದಳು: "ಮಾವ, ನಾನು ಅಮ್ಮನ ಜೊತೆ ಹೋಗ್ಬಾರ್ದು ಅಂತ ಯಾರು ಬರ್ದಿದ್ದು?"

ವಾರ ವಾರ ನಿಮಗೆಲ್ಲ ಬುದ್ಧಿ ಹೇಳೋನು ನಾನು. ಈಗ ನೀವೇ ಹೇಳಿ, ಆ ಮಗೂಗೆ ಏನಂತ ಹೇಳಲಿ?