ಜಾಬ್ರಿಯಾದ ಹಿತ್ತಲ ಕೊಳ

ಹಸಿ ಸಿಮೆಂಟಿನ ಮೇಲೆ ನೀರು ಬಿದ್ದ ವಾಸನೆ ಬಂದರೆ ಈಗಲೂ ನಾನು ಕುವೈತಿನ ಆ ಹಿತ್ತಲಿಗೆ ಹೋಗಿಬಿಡುತ್ತೇನೆ. ನಿಮಗೂ ಅಂಥದ್ದೊಂದು ಹಿತ್ತಲು ಇದ್ದೀತು. ತೊಂಬತ್ತರ ದಶಕದ ಕೊನೆ. ಜಾಬ್ರಿಯಾದಲ್ಲಿ ಕುವೈತಿ ಅಜ್ಜಿಯೊಬ್ಬರ ಮನೆಯ ಹಿಂಭಾಗದಲ್ಲಿ ನಾವು ಮೂವರು ಬಾಡಿಗೆಗಿದ್ದೆವು. ಮಮ್ಮಿ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿಯ ನಡುವೆ ಸಾಕುವುದು ಕಷ್ಟವೆಂದು ಊರಿನಲ್ಲೇ ಹುಟ್ಟಿದ ನನ್ನ ತಂಗಿ ಪ್ರೀಮಾಳನ್ನು ಹಾಲು ಬಿಡಿಸಿದ ಕೂಡಲೇ ಮಂಗಳೂರಿನಲ್ಲಿ ನಮ್ಮಜ್ಜಿಯ ಬಳಿ ಬಿಟ್ಟು ಬಂದಿದ್ದಳು. ಆಮೇಲೆ ಮಮ್ಮಿಯ ಮಾತೇ ಕಡಿಮೆಯಾಯಿತು. ಪಪ್ಪ ಶುಕ್ರವಾರದ ಸಂತೆಯಿಂದ ಕೆಂಪು ಮೀನು ತಂದು, ಹಿತ್ತಲಿನಲ್ಲಿ ಸಣ್ಣದೊಂದು ಕೊಳ ಕಟ್ಟಿ ಬಿಟ್ಟದ್ದು ಅವಳನ್ನು ಮಾತಾಡಿಸುವುದಕ್ಕೇ. ಡ್ಯೂಟಿ ಮುಗಿಸಿ ಬಂದವಳು ಬಿಳಿ ಯೂನಿಫಾರ್ಮಿನಲ್ಲೇ ಅದರ ಅಂಚಿನಲ್ಲಿ ಕೂತುಬಿಡುತ್ತಿದ್ದಳು.

ಮೊದಲ ಚಳಿಗಾಲದಲ್ಲೇ ಮರುಭೂಮಿಯ ಗಾಳಿಗೆ ಆಳವಿಲ್ಲದ ಆ ನೀರು ಕೊರೆಯುವಷ್ಟು ತಣ್ಣಗಾಗಿ ಮೀನುಗಳೆಲ್ಲ ಸತ್ತು ತೇಲಿದವು. "ನನಗೆ ಎಂತದನ್ನೂ ಸಾಕ್ಲಿಕ್ಕೆ ಬರುದಿಲ್ಲ" ಅಂದಳು ಮಮ್ಮಿ. ಬೇಸಿಗೆ ಕಳೆದ ಮೇಲೆ ಪಪ್ಪ ಕೊಳ ಒಡೆದು, ಎದೆಮಟ್ಟ ಅಗೆದು, ಸುತ್ತ ಥರ್ಮೊಕೋಲ್ ಇಟ್ಟು ಸಿಮೆಂಟು ಮೆತ್ತಿ, ಹೊಸ ಮೀನು ತಂದು ಬಿಟ್ಟರು. "ಆಳ ಇದ್ರೆ ಮೇಲೆ ಎಷ್ಟು ಚಳಿಯಾದ್ರೂ ಅಡಿಯಲ್ಲಿ ಬೆಚ್ಚಗೆ ಉಂಟು. ಮೀನು ಅಲ್ಲಿ ಹೋಗಿ ಕೂತ್ಕೊಳ್ತದೆ." ಮನೆಯೊಡತಿ ಅಜ್ಜಿ ಕೋಲೂರಿಕೊಂಡು ಬಂದು ನೀರಿಗೆ ಬೆರಳದ್ದಿ, "ಮಾಯ್ ವಾಯಿದ್ ಬಾರಿದ್" ನೀರು ಬಹಳ ತಣ್ಣಗೆ ಎಂದು ಅರಬ್ಬಿಯಲ್ಲಿ ಹೇಳಿ, ಚಳಿಗೆ ನಡುಗಿ ತೋರಿಸಿ, ಹಳೆಯ ಉಣ್ಣೆಯ ಕಂಬಳಿಯೊಂದನ್ನು ಕೊಟ್ಟರು. ಸಂಜೆಯಾದರೆ ಮಮ್ಮಿ ಅದನ್ನು ಕೊಳಕ್ಕೆ ಹೊದೆಸಿ, ಮಗುವಿಗೆ ಮಾಡುವ ಹಾಗೆ ಅಂಚುಗಳನ್ನು ಒತ್ತುತ್ತಿದ್ದಳು.

ಜನವರಿಯ ಒಂದು ಬೆಳಿಗ್ಗೆ ನೋಡಿದರೆ ಗಾಳಿಗೆ ಕಂಬಳಿ ಹಾರಿಹೋಗಿತ್ತು. ನೀರಿನ ಮೇಲೆ ಗಾಜಿನಂಥ ಮಂಜುಗಡ್ಡೆ. ಮಮ್ಮಿ ಮೊಣಕಾಲೂರಿ ಬಗ್ಗಿ ನೋಡುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ತಳದ ಕತ್ತಲಲ್ಲಿ ಒಂದು ಕೆಂಪು ಬಾಲ ಆಡಿತು, ಹಿಂದೆಯೇ ಇನ್ನೊಂದು. "ಉಂಟು ಮಾರಾಯ್ರೇ, ಎಲ್ಲ ಉಂಟು!" ಎಂದು ಕೂಗಿದವಳು ಒಳಗೋಡಿ ಮಂಗಳೂರಿಗೆ ಫೋನ್ ಹಚ್ಚಿದಳು. "ಪ್ರೀಮಾ, ಮೀನು ಬದುಕಿದೆ ಮಗಾ. ಬೇಸಿಗೆಗೆ ನಿನ್ನನ್ನೂ ಕರ್ಕೊಂಡು ಬರ್ತೇನೆ."

ಬೇಸಿಗೆಗೆ ಮೊದಲೇ ಆ ಕುವೈತಿ ಅಜ್ಜಿ ತೀರಿಕೊಂಡರು. ಅವರ ಮಕ್ಕಳು ಮನೆ ಕೆಡವಿಸಿದರು, ಕೊಳಕ್ಕೆ ಇಟ್ಟಿಗೆಯ ಚೂರು ತುಂಬಿತು. ನಾವು ಹವಲ್ಲಿಯ ಇಕ್ಕಟ್ಟಾದ ಫ್ಲ್ಯಾಟಿಗೆ ಹೋದೆವು. ಪ್ರೀಮಾ ಬರಲೇ ಇಲ್ಲ. ಮಂಗಳೂರಿನ ನಮ್ಮಜ್ಜಿಯ ಬಳಿಯೇ ಬೆಳೆದಳು. ಮಮ್ಮಿ ಮಾತ್ರ ಫೋನಿನಲ್ಲಿ ಅವಳಿಗೆ ಕೊಳದ ಕಥೆ ಹೇಳುವುದನ್ನು ನಿಲ್ಲಿಸಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಮಮ್ಮಿಯನ್ನು ಮಣ್ಣು ಮಾಡಿ ಬಂದ ಸಂಜೆ ಮಂಗಳೂರಿನ ಮನೆಯಲ್ಲಿ ನಾವಿಬ್ಬರೇ ಕೂತಿದ್ದೆವು. "ಅಕ್ಕಾ, ನೆನಪುಂಟಾ, ಮಮ್ಮಿಯ ಆಚೆ ಈಚೆ ಕೂತು ನಾವು ಕೊಳಕ್ಕೆ ಕಾಲು ಇಳಿಬಿಡ್ತಿದ್ದದ್ದು?" ಎಂದಳು ಪ್ರೀಮಾ. ಅವಳು ಕುವೈತಿನ ನೆಲವನ್ನೇ ಮೆಟ್ಟಿದವಳಲ್ಲ.

"ಉಂಟು," ಎಂದೆ. "ನಿನ್ನ ಕಾಲು ನೀರಿಗೆ ಮುಟ್ತಾ ಇರ್ಲಿಲ್ಲ."