ಪರದೆಯ ಕೆಳಗಿನ ಕಾಲುಗಳು

ನಮ್ಮ ಚಪ್ಪಲಿ ಕಾರ್ಖಾನೆಯಲ್ಲಿ ಅಂಟಿನ ಕೋಣೆಯ ಅಜ್ಜಿ ಒಂದು ಸಂಜೆ ಕೆಲಸ ಮುಗಿಸಿ ಮೆಟ್ಟಿಲಿಳಿದು ಬೀದಿಗೆ ಬಂದಾಗ ಅವಳ ಎಡಗಾಲಲ್ಲಿ ಚಪ್ಪಲಿ ಇರಲಿಲ್ಲ. ಅದು ಮೂರನೆಯ ಮೆಟ್ಟಿಲ ಮೇಲೆ ಉಳಿದುಬಿಟ್ಟಿತ್ತು. ಜಾರಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಚಪ್ಪಲಿ ಮಾಡುವವಳೇ ಚಪ್ಪಲಿ ಮರೆತಳಲ್ಲ ಎಂದು ನಾವೆಲ್ಲ ನಕ್ಕೆವು. ಗೋಂದಕ್ಕ ಮಾತ್ರ ನಗಲಿಲ್ಲ. ಅಜ್ಜಿಯನ್ನು ಕಟ್ಟೆಯ ಮೇಲೆ ಕೂರಿಸಿ, ಅಂಗಾಲನ್ನು ಬೆರಳಿಂದ ಒತ್ತಿ, ಗೊತ್ತಾಗುತ್ತಿದೆಯಾ ಎಂದು ಕೇಳಿದಳು. ಅಜ್ಜಿ ಬೀದಿಯ ಕಡೆ ನೋಡುತ್ತಲೇ, ನೀನಿನ್ನೂ ಮುಟ್ಟೇ ಇಲ್ಲವಲ್ಲ ಎಂದಳು.

ಗೋಂದಕ್ಕ ಎನ್ನುವುದು ನಾವಿಟ್ಟ ಹೆಸರು. ಹನ್ನೊಂದು ವರ್ಷ ಅಟ್ಟೆಗಳಿಗೆ ಅಂಟು ಬಳಿದೂ ಬಳಿದೂ ಅವಳ ಬೆರಳ ತುದಿಗಳ ಮೇಲೆ ಒಣಗಿದ ಅಂಟಿನ ಪದರವೊಂದು ಸದಾ ಇರುತ್ತಿತ್ತು. ಏಳನೇ ಕ್ಲಾಸಿನವರೆಗೆ ಓದಿದವಳು. ಗಂಡ ತೀರಿಕೊಂಡ ಮೇಲೂ ಮಾವನನ್ನೂ ನಾದಿನಿಯನ್ನೂ ಬಿಟ್ಟು ಹೋಗಿರಲಿಲ್ಲ. ನಾದಿನಿಗೆ ಇಪ್ಪತ್ತಾರು ವರ್ಷವಾಗಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಅವಳನ್ನು ನಮ್ಮ ಕಾರ್ಖಾನೆಗೆ ಕರೆತಂದು, ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಕೆಲಸ ಕಲಿಸಿದವಳು ಗೋಂದಕ್ಕನೇ.

ಕಾರ್ಖಾನೆ ಎನ್ನುವುದು ದೊಡ್ಡ ಮಾತಾಯಿತು. ಒಂದು ಗೋದಾಮಿನ ಮೇಲಿನ ಮೂರು ಕೋಣೆ. ಬೀದಿಗೆ ಕಿಟಕಿಗಳಿದ್ದ ಹೊರಕೋಣೆಯಲ್ಲಿ ನಾವು ಹೊಲಿಗೆಯವರು ಇರುತ್ತಿದ್ದೆವು. ಒಳಗೆ ಒಂದೇ ಅಳತೆಯ ಎರಡು ಕೋಣೆ, ಎರಡಕ್ಕೂ ಕಿಟಕಿಯಿಲ್ಲ. ಒಂದರಲ್ಲಿ ಅಂಟಿನವರು ಕೂರುತ್ತಿದ್ದರು, ಇನ್ನೊಂದರಲ್ಲಿ ಅಟ್ಟೆಗಳನ್ನು ಒಟ್ಟಿರುತ್ತಿದ್ದರು. ಅಂಟಿನ ಕೋಣೆಯ ಬಾಗಿಲು ತೆರೆದರೆ ತಲೆ ಹಗುರಾಗುವಂಥ ವಾಸನೆ ಬರುತ್ತಿತ್ತು. ಹೊಸಬರು ಎರಡು ದಿನ ವಾಂತಿ ಮಾಡಿ, ಮೂರನೆಯ ದಿನದಿಂದ ಅದನ್ನು ಮರೆಯುತ್ತಿದ್ದರು.

ಅಜ್ಜಿಯ ನಂತರ ಅಂಟಿನ ಕೋಣೆಯ ಇನ್ನೊಬ್ಬಳಿಗೆ ಬೆರಳಲ್ಲಿ ರವಿಕೆಯ ಗುಂಡಿ ಹಿಡಿಯುವುದು ಕಷ್ಟವಾಯಿತು. ಕಾರಣಗಳಿಗೆ ಬರವಿರಲಿಲ್ಲ. ದವಾಖಾನೆಯ ಡಾಕ್ಟರು ರಕ್ತ ಕಡಿಮೆ ಎಂದು ಗುಳಿಗೆ ಕೊಟ್ಟರು. ಚಕ್ಕಳಮಕ್ಕಳ ಹಾಕಿ ದಿನವಿಡೀ ನೆಲದ ಮೇಲೆ ಕೂತರೆ ಕಾಲು ಜೋಮು ಹಿಡಿಯದೆ ಇನ್ನೇನು ಎಂದ ಮಾಲೀಕ. ಡ್ರಮ್ಮಿನ ಕುಡಿಯುವ ನೀರು ಸರಿಯಿಲ್ಲ ಎಂದು ಕೆಲವರು ಹೇಳಿದರು. ನೀಲಿ ಡಬ್ಬಿ ಬಂದ ಮೇಲೇ ಇದೆಲ್ಲ ಶುರುವಾಗಿದ್ದು ಎಂದಳು ಗೋಂದಕ್ಕ. ಎಂಟು ತಿಂಗಳ ಹಿಂದೆ ಕೆಂಪು ಡಬ್ಬಿಯ ಅಂಟು ನಿಂತು, ಬೇಗ ಒಣಗುವ ನೀಲಿ ಡಬ್ಬಿಯದು ಬಂದಿತ್ತು.

ಈ ಮಾತನ್ನು ಅವಳು ಮಾವನ ಮುಂದೆ ಹೇಳಿದ ದಿನ ನಾನೂ ಅಲ್ಲಿದ್ದೆ. ಅವಳ ಮಾವ ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದವರು. ಪಾಠ ಹೇಳುವ ಅಧಿಕಾರ ಅವರಿಗಿರಲಿಲ್ಲ, ಗಾಜಿನ ನಳಿಗೆ ತೊಳೆದಿಡುವುದಷ್ಟೇ ಕೆಲಸ. ಆದರೆ ಪ್ರತಿ ವರ್ಷ ಮೂರು ನಳಿಗೆಗೆ ಮೂರು ಮೊಳೆ ಹಾಕಿಡುತ್ತಿದ್ದವರು ಅವರೇ. ಒಂದಕ್ಕೆ ನೀರು ಮತ್ತು ಗಾಳಿ ಎರಡೂ ತಾಗುವಂತೆ, ಇನ್ನೊಂದಕ್ಕೆ ನೀರು ಮಾತ್ರ, ಮತ್ತೊಂದಕ್ಕೆ ಒಣಗಾಳಿ ಮಾತ್ರ. ತುಕ್ಕು ಹಿಡಿಯುತ್ತಿದ್ದದ್ದು ಮೊದಲನೆಯದಕ್ಕೇ. ಮಕ್ಕಳು ಅದನ್ನು ಪರೀಕ್ಷೆಗೆ ಬರೆದು ಮರೆತರು, ಇವರು ಮರೆಯಲಿಲ್ಲ.

“ಊಹೆ ಯಾರು ಬೇಕಾದ್ರೂ ಮಾಡ್ಬಹುದು ತಾಯಿ,” ಎಂದರು ಮಾವ. “ನಿಮ್ಮ ಮಾಲೀಕಂದೂ ಊಹೆ, ನಿಂದೂ ಊಹೆ. ಯಾವುದು ಸುಳ್ಳು ಅಂತ ತೋರಿಸೋಕೆ ದಾರಿ ಇದೆಯೋ ಅದನ್ನ ಹಿಡ್ಕೊಂಡು ನೋಡು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು. ಉಳಿದಿದ್ದಕ್ಕೆ ಕೈ ಹಚ್ಚಬೇಡ.”

ಮೊದಲು ಮಾಲೀಕನ ಊಹೆಯನ್ನೇ ಹಿಡಿದರು. ಅವನು ಖುಷಿಯಿಂದಲೇ ಬೆಂಚು ಹಾಕಿಸಿದ. ಒಂದು ತಿಂಗಳು ಎಲ್ಲರೂ ಕಾಲು ಇಳಿಬಿಟ್ಟು ಕೂತರು. ಜೋಮು ಹೋಗಲಿಲ್ಲ. ಆಮೇಲೆ ಒಂದು ತಿಂಗಳು ಮನೆಯಿಂದಲೇ ನೀರು ತಂದರು. ಅದರಿಂದಲೂ ಏನೂ ಆಗಲಿಲ್ಲ. ಅಷ್ಟರಲ್ಲಿ ಅಜ್ಜಿಯೂ ಆ ಇನ್ನೊಬ್ಬಳೂ ಕೆಲಸ ಬಿಟ್ಟಿದ್ದರು. ಅಂಟಿನ ಕೋಣೆಯಲ್ಲಿ ಉಳಿದವರು ಎಂಟು ಜನ.

ಜೋಮು ಹೆಚ್ಚಿತೋ ಇಳಿಯಿತೋ ಎಂದು ಬಾಯಿಮಾತಿನಲ್ಲಿ ಕೇಳಿದರೆ ಉಪಯೋಗವಿಲ್ಲ ಎಂದು ಮಾವನಿಗೆ ಬೇಗ ತಿಳಿಯಿತು. ಅದಕ್ಕೊಂದು ಅಳತೆ ಮಾಡಿದರು. ಭಾನುವಾರ ಬೆಳಿಗ್ಗೆ ಎಂಟೂ ಜನ ಗೋಂದಕ್ಕನ ಮನೆಗೆ ಬರಬೇಕು. ನಡುಮನೆಯಲ್ಲಿ ಅಡ್ಡ ಕಟ್ಟಿದ ಹೊದಿಕೆಯ ಆಚೆ ಒಬ್ಬೊಬ್ಬರೇ ಕೂತು, ಪಾದ ಮಾತ್ರ ಈಚೆ ಚಾಚಬೇಕು. ಕಣ್ಣಿಗೆ ಪೊರೆ ಬಂದಿದ್ದ ಮಾವ ಹೆಬ್ಬೆರಳನ್ನು ತಡವಿ ಗುರುತಿಸಿ, ನಮ್ಮ ಹೊಲಿಗೆಯ ನೈಲಾನ್ ದಾರದ ತುಂಡಿನಿಂದ ಮುಟ್ಟಿ ಕೇಳುತ್ತಾರೆ. ಗೊತ್ತಾದರೆ ದನಿಯೆತ್ತದೆ ನೆಲ ತಟ್ಟಬೇಕು. ಇಪ್ಪತ್ತು ಸಲ ಕೇಳುವುದು, ಹತ್ತು ಸಲ ಮುಟ್ಟಿ, ಹತ್ತು ಸಲ ಮುಟ್ಟದೆ. ಮುಟ್ಟದೆ ಯಾಕೆ ಕೇಳಬೇಕು ಎಂದು ನಾನು ತಗಾದೆ ತೆಗೆದಿದ್ದೆ. ಮೊದಲ ವಾರವೇ ಒಬ್ಬಳು ಹಿರಿಯರ ಮನಸ್ಸು ನೋಯಬಾರದೆಂದು ಇಪ್ಪತ್ತಕ್ಕೂ ನೆಲ ತಟ್ಟಿದಾಗ ಬಾಯಿ ಮುಚ್ಚಿಕೊಂಡೆ. ಸುಮ್ಮನೆ ಮನಸ್ಸಿಗೆ ಬಂದಂತೆ ತಟ್ಟಿದರೂ ಹತ್ತು ಸರಿಹೋಗುತ್ತದೆ, ಹಾಗಾಗಿ ಹತ್ತು ಅಂದರೆ ಕಾಲಿಗೆ ಏನೂ ತಿಳಿಯುತ್ತಿಲ್ಲ ಎಂದೇ ಲೆಕ್ಕ. ಪರದೆಯಾಚೆ ಯಾರ ಸರದಿ ಎಂದು ಗುರುತಿಟ್ಟುಕೊಂಡು ಪುಸ್ತಕದಲ್ಲಿ ಬರೆಯುವ ಕೆಲಸ ನನ್ನದಾಯಿತು. ಇಷ್ಟು ವಯಸ್ಸಾದ ಮೇಲೆ ಊರ ಹೆಂಗಸರೆಲ್ಲ ನನಗೆ ಕಾಲು ಚಾಚುವ ಹಾಗಾಯಿತು ಎಂದು ಮಾವ ನಗುತ್ತಿದ್ದರು.

ಕೆಂಪು ಡಬ್ಬಿಗಳು ಅಟ್ಟೆಗಳ ಹಿಂದೆ ಇನ್ನೂ ಕೆಲವು ಉಳಿದಿವೆ ಎಂದು ಸ್ಟೋರಿನವನು ಹೇಳಿದ. ಎಂಟು ಜನಕ್ಕೆ ಸಾಲದು, ನಾಲ್ಕು ಜನಕ್ಕೆ ಕೆಲವು ತಿಂಗಳು ಸಾಕು. ಅಂಟಿನ ಮೇಲಿನ ಗುಮಾನಿ ಹೀಗಾದರೂ ತೊಲಗಲಿ ಎಂದು ಮಾಲೀಕ ಒಪ್ಪಿದ, ನಿಜವೆಂದು ಕಂಡರೆ ನೀಲಿ ಡಬ್ಬಿ ಬಿಡುತ್ತೇನೆ ಎಂದು ಮಾತನ್ನೂ ಕೊಟ್ಟ. ಯಾರಿಗೆ ಕೆಂಪು, ಯಾರಿಗೆ ನೀಲಿ? ಹೆಚ್ಚು ಜೋಮು ಇದ್ದವರಿಗೆ ಕೆಂಪು ಕೊಡೋಣ ಎಂದಳು ಗೋಂದಕ್ಕ. ಹಾಗೆ ಮಾಡಿದರೆ ಎರಡು ಗುಂಪೂ ಸಮ ಇರುವುದಿಲ್ಲ, ಆಮೇಲೆ ಬಂದ ಉತ್ತರವನ್ನು ಯಾರೂ ನಂಬುವುದಿಲ್ಲ ಎಂದರು ಮಾವ. ಚೀಟಿ ಎತ್ತಿದರು. ಗೋಂದಕ್ಕನಿಗೆ ಕೆಂಪು ಬಂತು. ಪುಟ್ಟಿಗೆ ನೀಲಿ. ಯಾರಿಗೆ ಯಾವುದು ಎಂದು ಮಾವನಿಗೆ ಹೇಳಕೂಡದೆಂದು ಎಲ್ಲರೂ ಮಾತು ಕೊಟ್ಟರು. ಗೊತ್ತಾದರೆ ತನ್ನ ಕೈಯೇ ಮೋಸ ಮಾಡೀತು ಎಂದು ಮಾವನೇ ಕೇಳಿಕೊಂಡಿದ್ದರು.

ಮೊದಲ ಸಲ ಎಲ್ಲ ಕೆಟ್ಟಿತು. ಒಂದೇ ಕೋಣೆಯಲ್ಲಿ ಎರಡು ಬೆಂಚು, ಒಂದಕ್ಕೆ ಕೆಂಪು ಡಬ್ಬಿ, ಇನ್ನೊಂದಕ್ಕೆ ನೀಲಿ. ಆರು ವಾರದ ಕೊನೆಗೆ ಎರಡೂ ಗುಂಪಿನ ಅಂಕಿಗಳು ಒಂದೇ ಸಮನಾಗಿ ಇಳಿದಿದ್ದವು. ಮಾಲೀಕ ನಗುತ್ತಾ ಸಿಹಿ ಹಂಚಿದ. ಮೂರನೆಯ ದಿನ ಗೋಂದಕ್ಕ ಮನೆಗೆ ಬಂದವಳೇ ತನ್ನ ಬಟ್ಟೆಯನ್ನು ಮೂಸಿ, ನಾನು ಮುಟ್ಟಿದ್ದು ಕೆಂಪು ಡಬ್ಬಿ, ನನ್ನ ಮೈಯೆಲ್ಲ ನೀಲಿ ಡಬ್ಬಿಯ ವಾಸನೆ ಎಂದಳು. ಬೆಂಚು ಬೇರೆಯಾಗಿತ್ತು, ಗಾಳಿ ಬೇರೆಯಾಗಿರಲಿಲ್ಲ. ಮಾವ ಹಣೆ ಹಣೆ ಚಚ್ಚಿಕೊಂಡರು. ಆರು ವಾರ ಎಂಟು ಜನ ಸುಮ್ಮನೆ ವಿಷ ಕುಡಿದಂತಾಗಿತ್ತು.

ಅಟ್ಟೆಗಳನ್ನು ಹೊರಗೆ ಸಾಗಿಸಿ ಕೆಂಪಿನವರನ್ನು ಆ ಕೋಣೆಯಲ್ಲಿ ಕೂರಿಸಿದರು. ನಡುವೆ ಗೋಡೆ. ಈ ಸಲ ಹನ್ನೆರಡು ವಾರ ಎಂದು ಮಾವ ಗಡುವು ಹಾಕಿದರು. ನಾಲ್ಕೇ ಜನರ ಗುಂಪು, ಬೇಗ ನಿಲ್ಲಿಸಿದರೆ ಅದೃಷ್ಟ ಯಾವುದು, ಅಂಟು ಯಾವುದು ಎಂದು ಬೇರೆ ಮಾಡಲಾಗುವುದಿಲ್ಲ ಎಂದರು.

ಮೊದಲ ಮೂರು ವಾರ ಕೆಂಪಿನವರ ಅಂಕಿಯೂ ಒಂದಿಷ್ಟು ಇಳಿಯಿತು. ಆಮೇಲೆ ಅವರು ಅಲ್ಲೇ ನಿಂತರು. ನೀಲಿಯವರು ನಿಲ್ಲಲಿಲ್ಲ. ಆರನೇ ವಾರ ನಾಲ್ವರದು ಸೇರಿ ಎಂಬತ್ತಕ್ಕೆ ಕೆಂಪಿನ ಕೋಣೆ ಅರವತ್ತಾರು, ನೀಲಿಯ ಕೋಣೆ ಐವತ್ತೆರಡು. ಪುಟ್ಟಿಯದು ಇಪ್ಪತ್ತಕ್ಕೆ ಹನ್ನೊಂದು. ಅವಳು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯತೊಡಗಿದ್ದಳು.

ಆ ಭಾನುವಾರ ಎಲ್ಲರೂ ಹೋದ ಮೇಲೆ ಗೋಂದಕ್ಕ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಾ ನನ್ನನ್ನು ಕೇಳಿದಳು.

“ಪುಸ್ತಕದಲ್ಲಿ ಏನು ಬರ್ತಿದೆ?”

“ನಿನಗೆ ಗೊತ್ತಿರೋದೇ ಬರ್ತಿದೆ.”

“ನಿಲ್ಲಿಸ್ಬಿಡ್ಲಾ?”

ನಾನು ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡೆ. ಆರೇ ವಾರಕ್ಕೆ ನಿಲ್ಲಿಸಿದರೆ, ಹೋದ ಸಲ ಎರಡೂ ಇಳಿದಿದ್ದವಲ್ಲ ಎಂದು ಮಾಲೀಕ ಒಂದೇ ಮಾತಲ್ಲಿ ತಳ್ಳಿಹಾಕುತ್ತಿದ್ದ. ಎಂಟೂ ಜನ ಮತ್ತೆ ನೀಲಿ ಡಬ್ಬಿಗೇ ಹೋಗಬೇಕಾಗುತ್ತಿತ್ತು. ಇದು ಅವಳಿಗೂ ಗೊತ್ತಿತ್ತು. ಸಂಜೆ ಅವಳು ಪುಟ್ಟಿಯನ್ನು ಕರೆದು, ನಾಳೆಯಿಂದ ನೀನು ನನ್ನ ಜಾಗದಲ್ಲಿ ಕೂತ್ಕೋ, ನಾನು ನಿನ್ನ ಜಾಗಕ್ಕೆ ಹೋಗುತ್ತೇನೆ ಎಂದಳಂತೆ. ಅರ್ಧದಲ್ಲಿ ಅದಲುಬದಲು ಮಾಡಿದರೆ ಅಪ್ಪನ ಎಣಿಕೆ ಹಾಳಾಗುತ್ತದೆ ಎಂದು ಪುಟ್ಟಿ ಒಪ್ಪಲಿಲ್ಲ. ಪುಸ್ತಕದಲ್ಲಿದ್ದ ಅಂಕಿಗಳನ್ನು ಗೋಂದಕ್ಕ ಅವಳಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಹನ್ನೆರಡು ವಾರ ಮುಗಿಯಿತು. ಕೆಂಪಿನವರು ಅರವತ್ತೇಳು, ನೀಲಿಯವರು ನಲವತ್ತಮೂರು. ನಾಲ್ವರೂ ಮನಸ್ಸಿಗೆ ಬಂದಂತೆ ತಟ್ಟಿದರೂ ನಲವತ್ತು ಬರುತ್ತಿತ್ತು.

ಪುಸ್ತಕವನ್ನೂ ಒಂದು ನೀಲಿ ಡಬ್ಬಿಯನ್ನೂ ಹಿಡಿದುಕೊಂಡು ದೊಡ್ಡಾಸ್ಪತ್ರೆಯ ನರರೋಗದ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ಮೊದಲು ನಿಂತೇ ಪುಟ ತಿರುವಿದರು, ಆಮೇಲೆ ಕುರ್ಚಿ ಎಳೆದು ಕೂತರು. ಮುಟ್ಟದೆ ಕೇಳಿದ ಸಾಲುಗಳ ಮೇಲೆ ಬೆರಳಿಟ್ಟು, ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರು. ಅಂಟನ್ನು ಪರೀಕ್ಷೆಗೆ ಕಳಿಸಿದರು. ಬೇಗ ಒಣಗಲೆಂದು ಅದರಲ್ಲಿ ಬೆರೆಸಿದ್ದ ದ್ರಾವಕವೇ ಆವಿಯಾಗಿ ಮೈ ಸೇರಿ ನರಗಳನ್ನು ತಿನ್ನುತ್ತದೆ ಎಂದು ಉತ್ತರ ಬಂತು. ಕೆಲಸ ಬಿಟ್ಟ ಮೇಲೂ ಕೆಲವು ತಿಂಗಳು ಇದು ಹೆಚ್ಚುತ್ತಲೇ ಹೋಗುತ್ತದೆ, ಆಮೇಲೆ ಕೆಲವರಿಗೆ ವಾಸಿಯಾಗುತ್ತದೆ, ಕೆಲವರಿಗೆ ಇಲ್ಲ ಎಂದೂ ಡಾಕ್ಟರಮ್ಮ ಹೇಳಿದರು.

“ಆರನೇ ವಾರಕ್ಕೇ ನಿಲ್ಲಿಸಿದ್ರೆ ಇವಳ ಕಾಲು ಉಳೀತಿತ್ತಾ?” ಎಂದು ಗೋಂದಕ್ಕ ಕೇಳಿದಳು.

ಡಾಕ್ಟರಮ್ಮ ಪುಟ್ಟಿಯ ಕಡೆ ನೋಡಿ, ಮತ್ತೆ ಪುಸ್ತಕದ ಕಡೆ ನೋಡಿದರು.

“ಹೇಳೋಕಾಗಲ್ಲಮ್ಮ. ಅದನ್ನ ಯಾರೂ ಮಾಡಿ ನೋಡಿಲ್ಲ.”

ಮಾಲೀಕ ಮಾತಿಗೆ ತಪ್ಪಲಿಲ್ಲ, ನೀಲಿ ಡಬ್ಬಿಗಳನ್ನೆಲ್ಲ ಹೊರಗೆ ಹಾಕಿಸಿದ. ಅದೇ ವಾರ ಗುಜರಿಯವನು ಅವನ್ನು ಇನ್ಯಾವುದೋ ಕಾರ್ಖಾನೆಗೆ ಸಾಗಿಸಿದ. ಡಬ್ಬಿ ತಯಾರಿಸುವವರಿಗೆ ಡಾಕ್ಟರಮ್ಮ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ವರ್ಷ ತುಂಬುವ ಮೊದಲೇ ನಮ್ಮ ಮೂರು ಕೋಣೆಗೂ ಬೀಗ ಬಿತ್ತು.

ಪುಟ್ಟಿಯ ಅಂಕಿ ಮತ್ತೆ ಐದು ತಿಂಗಳು ಇಳಿಯುತ್ತಲೇ ಹೋಯಿತು. ಪಾದ ಮೇಲೇಳದೆ ಜೋತುಬಿದ್ದು, ಮಂಡಿ ಎತ್ತಿ ಎತ್ತಿ ನಡೆಯುವಂತಾಯಿತು. ನೀಲಿ ಕೋಣೆಯ ಉಳಿದ ಮೂವರಲ್ಲಿ ಇಬ್ಬರು ಎರಡು ವರ್ಷದಲ್ಲಿ ಚೇತರಿಸಿಕೊಂಡರು. ಪುಟ್ಟಿ ಚೇತರಿಸಿಕೊಳ್ಳಲಿಲ್ಲ.

ಮಾವ ಹಾಸಿಗೆ ಹಿಡಿದಿದ್ದಾಗ ನಾನು ನೋಡಲು ಹೋಗಿದ್ದೆ. ಅವರು ಗೋಂದಕ್ಕನನ್ನು ಹತ್ತಿರ ಕರೆದು, ನಿನ್ನೊಬ್ಬಳ ತಲೆಗೇ ಎಲ್ಲ ಕಟ್ಟಿಕೊಳ್ಳಬೇಡ ಎಂದರು. ಅವರ ಕಣ್ಣಿಗೆ ಪೊರೆ ಬಂದಿತ್ತು, ನಿಜ. ಆದರೆ ಬೆರಳಿಗೆ ಪೊರೆ ಬಂದಿರಲಿಲ್ಲ.

“ಚಿಕ್ಕೋಳಿದ್ದಾಗ ಬಿದ್ದು ಕಾಲಿನ ಎರಡನೇ ಬೆರಳು ಸೊಟ್ಟ ಆಗಿತ್ತು ಪುಟ್ಟಿಗೆ. ಎಣ್ಣೆ ಹಚ್ಚಿದವನು ನಾನೇ ಅಲ್ವಾ. ಎರಡನೇ ಭಾನುವಾರವೇ ಇದು ಅವಳ ಕಾಲು ಅಂತ ಗೊತ್ತಾಯ್ತು. ಯಾವ ಕೋಣೆ ಅನ್ನೋದು ಗೊತ್ತಿರಲಿಲ್ಲ, ಆಮೇಲೆ ಕಾಲು ಸೋಲ್ತಾ ಬಂದ ಹಾಗೆ ಅದೂ ಗೊತ್ತಾಯ್ತು. ಆದ್ರೂ ಕೈ ನಿಲ್ಲಿಸ್ಲಿಲ್ಲ.”

ಗೋಂದಕ್ಕ ಅವರ ಹೊದಿಕೆ ಸರಿಮಾಡಿದಳು. ಒಳಗಿನಿಂದ ಪುಟ್ಟಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಂದೆ ತೀರಿಕೊಂಡ ತಿಂಗಳ ಮೇಲೆ ಅವಳು ಆಡಿದ ಮಾತು ಇಷ್ಟೇ: “ಚೀಟಿ ಎತ್ತಿದ್ದು ನಾನೇ ಅತ್ತಿಗೆ, ಅದಕ್ಕೆ ನಾನು ಏನೂ ಅನ್ನಲ್ಲ. ಆದ್ರೆ ಅಂಕಿ ಏನು ಅಂತ ನನಗೂ ಹೇಳ್ಬೇಕಿತ್ತು. ನಾನೇ ಕೂತಿರ್ತಿದ್ನೋ ಎದ್ದು ಹೋಗ್ತಿದ್ನೋ, ನೋಡ್ಕೋತಿದ್ದೆ.” ಇಂದಿಗೂ ಇಬ್ಬರೂ ಒಂದೇ ಮನೆಯಲ್ಲಿದ್ದಾರೆ. ಪುಟ್ಟಿ ಕೂತಲ್ಲೇ ತರಕಾರಿ ಹೆಚ್ಚಿಕೊಡುತ್ತಾಳೆ, ಗೋಂದಕ್ಕ ಒಲೆ ನೋಡಿಕೊಳ್ಳುತ್ತಾಳೆ. ಆ ಹನ್ನೆರಡು ವಾರದ ಮಾತೊಂದನ್ನು ಬಿಟ್ಟು ಬೇರೆಲ್ಲ ಮಾತಾಡುತ್ತಾರೆ.

ಗೋಂದಕ್ಕ ಈಗ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸದಲ್ಲಿದ್ದಾಳೆ. ಭಾನುವಾರ ಅಂಟಿನ ಕೆಲಸ ನಡೆಯುವ ಬೀದಿಗಳಿಗೆ ಹೋಗಿ, ದಾರದಿಂದ ಹೆಂಗಸರ ಕಾಲು ಪರೀಕ್ಷಿಸುತ್ತಾಳೆ. ಬಂದ ಅಂಕಿಯನ್ನು ಅವರವರಿಗೆ ಆ ಕ್ಷಣವೇ ಹೇಳುತ್ತಾಳೆ. ಹೋದ ತಿಂಗಳು ಒಂದು ಬ್ಯಾಗಿನ ಕಾರ್ಖಾನೆಗೆ ಹೋಗಿದ್ದೆವು. ಹತ್ತೊಂಬತ್ತು ಜನರಲ್ಲಿ ಏಳು ಜನರ ಕಾಲು ಹೋಗುತ್ತಿತ್ತು. ಅಲ್ಲಿಯ ಮಾಲೀಕ ಓದಿದವನು, ಮರ್ಯಾದೆಯಿಂದಲೇ ಮಾತಾಡಿದ. ನಿಮ್ಮ ಪುಸ್ತಕ ಬೇರೆ ಡಬ್ಬಿಯದು, ನಮ್ಮ ಡಬ್ಬಿ ಬೇರೆ, ನಿಮಗೆ ಎರಡು ಕೋಣೆ ಬಿಟ್ಟುಕೊಡುತ್ತೇನೆ, ಮಾಡಿ ತೋರಿಸಿ, ತೋರಿಸಿದರೆ ನಾಳೆಯೇ ಬದಲಾಯಿಸುತ್ತೇನೆ ಎಂದ.

ಗೋಂದಕ್ಕ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಇನ್ನೊಂದು ನೀಲಿ ಕೋಣೆ ನನ್ನಿಂದಾಗುವುದಿಲ್ಲ ಎಂದಳು. ಡಬ್ಬಿ ಬದಲಾಗಲಿಲ್ಲ. ಮುಂದಿನ ಭಾನುವಾರ ಮತ್ತೆ ಹೋದೆವು. ಏಳು ಇದ್ದದ್ದು ಎಂಟಾಗಿತ್ತು. ಎಂಟನೆಯವಳು ಅಂದೇ ಕೆಲಸ ಬಿಟ್ಟಳು. ಉಳಿದವರಿಗೆ ಬಿಡಲಾಗಲಿಲ್ಲ.